ಬೇಜವಾಬ್ದಾರ ಎಂಬ ಹಣೆಪಟ್ಟಿ



ಈ ಸಲ ನಾನು ನಿಮ್ಮ ಮುಂದಿಡುತ್ತಿರುವುದನ್ನು ಉಪದೇಶ ಎನ್ನುವುದಕ್ಕಿಂತ ತಪ್ಪೊಪ್ಪಿಗೆ ಎನ್ನುವುದೇ ಸರಿ. ತಪ್ಪು ನನ್ನದು. ಅದರ ನೋವುಂಡವರು ನನ್ನ ಒಡಹುಟ್ಟಿದ ಅಣ್ಣ. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಇನ್ನೊಂದು ಮನೆಯಲ್ಲಾದರೂ ಬೇಗ ಗೊತ್ತಾಗಲಿ" ಎಂದವರೂ ಅವರೇ.

ಅಣ್ಣನಿಗೆ ಈಗ 44 ವರ್ಷ. ವಿದ್ಯುತ್ ಕೆಲಸದಲ್ಲಿ ಅವರದು ಪಳಗಿದ ಕೈ. ಮಳೆಗಾಲದ ನಡುರಾತ್ರಿ ಯಾರ ಮನೆಯಲ್ಲಿ ಕರೆಂಟು ಹೋದರೂ ಮೊದಲು ಹೋಗಿ ನಿಲ್ಲುವವರು ಅವರು. ಎಲ್ಲರೂ ಗಾಬರಿಯಲ್ಲಿರುವಾಗ ಅವರೊಬ್ಬರು ಶಾಂತವಾಗಿರುತ್ತಾರೆ. ಆದರೆ ಮಾಡಿದ ಕೆಲಸಕ್ಕೆ ಬಿಲ್ಲು ಬರೆದುಕೊಡುವುದಕ್ಕೆ ಆರು ತಿಂಗಳು ಬೇಕು. ಬೈಕಿನ ಕೀ ದಿನಕ್ಕೆರಡು ಸಲ ಕಾಣೆಯಾಗುತ್ತದೆ. ಉಮ್ಮನ ಮಾತ್ರೆ ತರಲು ಪೇಟೆಗೆ ಹೋದವರು ನಾಲ್ಕು ಬೇರೆ ಸಾಮಾನು ತಂದು, ಮಾತ್ರೆಯನ್ನೇ ಮರೆತು ಬರುತ್ತಾರೆ. ಜವಳಿ ಅಂಗಡಿ, ಹೋಟೆಲು, ದಮ್ಮಾಮಿನಲ್ಲಿ ಎರಡು ವರ್ಷ, ಮತ್ತೆ ಊರು, ಹೀಗೆ ಏಳೆಂಟು ಕಡೆ ಕೆಲಸ ಹಿಡಿದು ಬಿಟ್ಟವರು. ಶಾಲೆಯಲ್ಲಿದ್ದಾಗ ಮಾಸ್ತರರು ಬಾಪನನ್ನು ಕರೆಸಿ, "ಹುಡುಗನಿಗೆ ಬುದ್ಧಿ ಇದೆ, ಮನಸ್ಸಿಲ್ಲ" ಎಂದಿದ್ದರಂತೆ. ಆ ಒಂದು ಮಾತು ವರ್ಷಗಟ್ಟಲೆ ಅವರ ಬೆನ್ನು ಬಿಡಲಿಲ್ಲ.

ಬಾಪ ತೀರಿಹೋದ ಬಳಿಕ ಸ್ವಲ್ಪ ಜಾಗ ಮಾರಾಟವಾಯಿತು. ತಂಗಿಯ ಪಾಲಿನ 3 ಲಕ್ಷ ರೂಪಾಯಿಯನ್ನು ಅವಳ ಹೆಸರಿಗೆ ಬ್ಯಾಂಕಿನಲ್ಲಿ ಇಡುವ ಹೊಣೆಯನ್ನು ಅಣ್ಣ ವಹಿಸಿಕೊಂಡರು. ಹಣವನ್ನು ಸದ್ಯಕ್ಕೆಂದು ತಮ್ಮ ಖಾತೆಗೆ ಹಾಕಿದರು. ನಾಳೆ ಮಾಡುತ್ತೇನೆ, ಶುಕ್ರವಾರ ಮಾಡುತ್ತೇನೆ ಎನ್ನುತ್ತಲೇ ಎರಡು ವರ್ಷ ಕಳೆಯಿತು. ಅದೇ ಖಾತೆಯಿಂದ ವಯರಿನ ಅಂಗಡಿಗೂ ಹಣ ಹೋಯಿತು, ಮನೆ ಖರ್ಚಿಗೂ ಹೋಯಿತು. ಮಗಳ ನಿಕಾಹ್ ಗೊತ್ತಾಗಿ ತಂಗಿ ಹಣ ಕೇಳಿದಾಗ 1 ಲಕ್ಷ 30 ಸಾವಿರ ಕಡಮೆ ಇತ್ತು. ಅದು ಹೇಗೆ ಕರಗಿತೆಂದು ಅಣ್ಣನಿಗೇ ತಿಳಿಯಲಿಲ್ಲ.

ಅಂದು ಉಮ್ಮನ ಎದುರು, ತಂಗಿಯ ಎದುರು, ಅತ್ತಿಗೆಯ ಎದುರು ನಾನು ಬಾಯಿ ತೆರೆದೆ. ಎಂದೂ "ನೀವು" ಎನ್ನುತ್ತಿದ್ದವನು ಅಂದು "ನೀನು" ಎಂದೆ. "ಅಮಾನತ್ ತಿಂದವನಿಗೆ ನಮಾಝ್ ಯಾಕೆ? ನಿನಗೆ ಅಲ್ಲಾಹನ ಭಯವೇ ಇಲ್ಲ" ಎಂದೆ. ಅಣ್ಣ ಒಂದು ಮಾತೂ ಆಡಲಿಲ್ಲ. ಮುಂದಿನ ಶುಕ್ರವಾರದಿಂದ ನಮ್ಮ ಮಸೀದಿಗೆ ಬರುವುದನ್ನು ಬಿಟ್ಟರು. ಎರಡು ಮೈಲಿ ದೂರದ ಬೇರೊಂದು ಮಸೀದಿಯ ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ದೀನಿನ ವಿದ್ಯೆ ಕಲಿತವನು, ಮಕ್ಕಳಿಗೆ ಕಲಿಸುವವನು ನಾನು. ಮತ್ತೊಬ್ಬನ ಹೃದಯದಲ್ಲಿ ಅಲ್ಲಾಹನ ಭಯ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರವನ್ನು ನನಗೆ ಯಾರು ಕೊಟ್ಟಿದ್ದರು?

ಮಗನ ಕಾಯಿಲೆ, ತಂದೆಯ ಕಥೆ

ಕೆಲವು ತಿಂಗಳ ಬಳಿಕ ಅಣ್ಣನ ಮಗನ ಶಾಲೆಯಿಂದ ಕರೆ ಬಂತು. ಒಂಬತ್ತು ವರ್ಷದ ಹುಡುಗ. ಕೂತಲ್ಲಿ ಕೂರುವುದಿಲ್ಲ, ಪಾಠ ಬರೆದು ಮುಗಿಸುವುದಿಲ್ಲ. ಟೀಚರು ಹೊಡೆಯಲಿಲ್ಲ, ಬೈಯಲಿಲ್ಲ. ಒಮ್ಮೆ ಮನೋವೈದ್ಯರಿಗೆ ತೋರಿಸಿ ಎಂದರು. ಆ ಸಹೋದರಿಗೆ ಅಲ್ಲಾಹನು ಒಳ್ಳೆಯ ಪ್ರತಿಫಲ ನೀಡಲಿ.

ವೈದ್ಯರು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ವಸ್ತುಗಳನ್ನು ಕಳೆದುಕೊಳ್ಳುತ್ತಾನೆಯೇ? ಹೇಳಿದ್ದು ಕೇಳಿಸಿದರೂ ಕೇಳಿಸದವನಂತೆ ಇರುತ್ತಾನೆಯೇ? ಆರಂಭಿಸಿದ ಕೆಲಸವನ್ನು ಅರ್ಧಕ್ಕೆ ಬಿಡುತ್ತಾನೆಯೇ? ತಲೆಗೆ ಕೆಲಸ ಕೊಡುವ ಸಂಗತಿಯನ್ನು ಮುಂದಕ್ಕೆ ಹಾಕುತ್ತಾನೆಯೇ? ಅತ್ತಿಗೆ ಮೊದಲು ನಕ್ಕರಂತೆ. ಬಳಿಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಡಾಕ್ಟರೇ, ಇದೆಲ್ಲ ಮಗನಿಗಿಂತ ಹೆಚ್ಚು ಇವರಿಗೇ ಇದೆ" ಎಂದು ಅಣ್ಣನ ಕಡೆ ತೋರಿಸಿದರಂತೆ.

ವೈದ್ಯರು ಅಣ್ಣನನ್ನು ಬೇರೆ ದಿನ ಬರಹೇಳಿದರು. ಉಮ್ಮನನ್ನೂ ಕರೆಸಿ ಬಾಲ್ಯದ ವಿಷಯ ಕೇಳಿದರು. ಹಳೆಯ ಟ್ರಂಕಿನಲ್ಲಿದ್ದ ಶಾಲೆಯ ಪ್ರಗತಿಪತ್ರ ತರಿಸಿ ನೋಡಿದರು. ರಕ್ತಪರೀಕ್ಷೆ ಮಾಡಿಸಿ ಥೈರಾಯ್ಡ್ ಸರಿ ಇದೆಯೇ ಎಂದು ನೋಡಿದರು. ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯೇ ಎಂದು ಕೇಳಿದರು. ಮೂರನೆಯ ಭೇಟಿಯಲ್ಲಿ, ತಂದೆಗೂ ಮಗನಿಗೂ ಇರುವುದು ಒಂದೇ ತೊಂದರೆ ಎಂದರು. ಅದನ್ನು ಎಡಿಎಚ್‌ಡಿ ಎನ್ನುತ್ತಾರೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಅದರ ಅರ್ಥ.

ಅಣ್ಣ ಆಗ ಕೇಳಿದ್ದು ಔಷಧಿಯ ವಿಷಯವಲ್ಲ. "ಹಾಗಾದರೆ ನಾನು ಮುನಾಫಿಕ್ ಅಲ್ಲವೇ ಡಾಕ್ಟರೇ?" ಎಂದು ಕೇಳಿದರು. ವೈದ್ಯರು ಬೇರೆ ಧರ್ಮದವರು, ಅವರಿಗೆ ಆ ಶಬ್ದ ಅರ್ಥವಾಗಲಿಲ್ಲ. ಅತ್ತಿಗೆ ಬಂದು ನನಗೆ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಏನು?

ಇದನ್ನು ಹೊಸ ಕಾಲದ ಹೊಸ ಕಾಯಿಲೆ, ಮೊಬೈಲಿನಿಂದ ಬಂದದ್ದು ಎನ್ನುವವರಿದ್ದಾರೆ. ಅದು ಸರಿಯಲ್ಲ. 1902ರಲ್ಲೇ ಲಂಡನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಎಂಬವರು, ಬುದ್ಧಿಯಲ್ಲಿ ಕಡಮೆಯಿಲ್ಲದಿದ್ದರೂ ಗಮನ ನಿಲ್ಲಿಸಲಾಗದ, ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳ ಕುರಿತು ವೈದ್ಯರ ಮುಂದೆ ಉಪನ್ಯಾಸಗಳನ್ನು ನೀಡಿದ್ದರು. ಇದು ಮಕ್ಕಳಲ್ಲಿ ಮಾತ್ರ ಇರುತ್ತದೆ, ದೊಡ್ಡವರಾದಂತೆ ಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಹಲವರಲ್ಲಿ ಅದು ಹೋಗುವುದಿಲ್ಲ ಎಂದು ಮುಂದೆ ತಿಳಿಯಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು ಎರಡೂವರೆ ಮಂದಿಗೆ ಇದು ಇದೆಯೆಂದು ಅಂದಾಜು. ನಾಲ್ಕುನೂರು ಮಂದಿ ಸೇರುವ ಒಂದು ಜುಮಾದಲ್ಲಿ ಹತ್ತು ಮಂದಿ ಎಂದಾಯಿತು. ಆ ಹತ್ತು ಮಂದಿಯಲ್ಲಿ ಎಷ್ಟು ಜನರಿಗೆ ತಮ್ಮ ತೊಂದರೆಯ ಹೆಸರು ಗೊತ್ತಿದ್ದೀತು?

ಇದು ಬಹುಮಟ್ಟಿಗೆ ವಂಶದಲ್ಲಿ ಹರಿದುಬರುತ್ತದೆ. ಮೆದುಳಿನ ಮುಂಭಾಗ ಯೋಜನೆ ಹಾಕುವ, ನೆನಪಿಟ್ಟುಕೊಂಡು ಸರಿಯಾದ ಹೊತ್ತಿಗೆ ಕೆಲಸಕ್ಕೆ ಹಚ್ಚುವ, ಆತುರವನ್ನು ತಡೆಯುವ ಭಾಗ. ಅಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಸಾಯನಗಳ ಮೂಲಕ ನಡೆಯುವ ಕೆಲಸದಲ್ಲಿ ಇವರಿಗೆ ವ್ಯತ್ಯಾಸವಿರುತ್ತದೆ. ಮಗು ಓಡುತ್ತದೆ, ಹತ್ತುತ್ತದೆ. ದೊಡ್ಡವನಾದ ಮೇಲೆ ಆ ಓಟ ಹೊರಗೆ ಕಾಣುವುದಿಲ್ಲ, ತಲೆಯೊಳಗೆ ನಡೆಯುತ್ತಿರುತ್ತದೆ.

"ಇಷ್ಟವಾದ ಕೆಲಸವನ್ನು ಗಂಟೆಗಟ್ಟಲೆ ಮಾಡುತ್ತಾನಲ್ಲ, ಆಗ ಗಮನ ಎಲ್ಲಿಂದ ಬರುತ್ತದೆ?" ಎಂದು ನಾನೂ ಕೇಳಿದ್ದೆ. ನಮ್ಮ ತಪ್ಪು ತಿಳಿವಳಿಕೆಯ ಬೇರು ಇಲ್ಲಿಯೇ ಇದೆ. ಇವರಿಗೆ ಗಮನವೇ ಇಲ್ಲವೆಂದಲ್ಲ, ಅದರ ಲಗಾಮು ಕೈಗೆ ಸಿಗುವುದಿಲ್ಲ. ಆಸಕ್ತಿ, ಹೊಸತನ, ಗಡಿಬಿಡಿ ಇರುವಲ್ಲಿ ಕುದುರೆ ತಾನಾಗಿ ಓಡುತ್ತದೆ. ಲೆಕ್ಕ ಬರೆಯುವುದು, ಅರ್ಜಿ ತುಂಬುವುದು, ಬ್ಯಾಂಕಿಗೆ ಹೋಗುವುದು ಮುಂತಾದ ಸಪ್ಪೆ ಕೆಲಸಕ್ಕೆ ಎಷ್ಟು ಎಳೆದರೂ ಅದು ನಿಂತಲ್ಲೇ ನಿಲ್ಲುತ್ತದೆ. ಹೊರಗಿನಿಂದ ನೋಡುವವನಿಗೆ ಅದು ಸೋಮಾರಿತನ. ಒಳಗಿರುವವನಿಗೆ ದಿನವಿಡೀ ತನ್ನೊಂದಿಗೇ ಜಗ್ಗಾಟ.

ಹೆಸರಿಲ್ಲದೆ ಕಳೆದ ವರ್ಷಗಳು

ಈ ತೊಂದರೆ ಗೊತ್ತಾಗದೆ ಇದ್ದರೆ ಏನಾಗುತ್ತದೆ? ಕೆಲಸ ನಿಲ್ಲುವುದಿಲ್ಲ. ಕಟ್ಟಬೇಕಾದ ಕಂತು ಮರೆತುಹೋಗಿ ಸಾಲ ಬೆಳೆಯುತ್ತದೆ. ವಾಹನ ಓಡಿಸುವಾಗ ಅಪಘಾತದ ಸಾಧ್ಯತೆ ಹೆಚ್ಚು. ಕೋಪ ಫಕ್ಕನೆ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಆದರೆ ಆ ಹೊತ್ತಿನಲ್ಲಿ ಆಡಿದ ಮಾತು ಹೆಂಡತಿಯ ಮನಸ್ಸಿನಲ್ಲಿ ಉಳಿಯುತ್ತದೆ. ಖಿನ್ನತೆ, ಆತಂಕ ಇದರ ಬೆನ್ನಿಗೇ ಬರುತ್ತವೆ. ಕೆಲವರು ಮನಸ್ಸನ್ನು ಸುಮ್ಮನಾಗಿಸಲು ಮಾದಕ ವಸ್ತುವಿನ ಮೊರೆ ಹೋಗುತ್ತಾರೆ. ಬೇಜವಾಬ್ದಾರ, ಸುಳ್ಳುಗಾರ, ಉಪಯೋಗಕ್ಕೆ ಬಾರದವನು ಎಂದು ಸಾವಿರ ಸಲ ಕೇಳಿದವನು ಕೊನೆಗೆ ಅದನ್ನೇ ನಂಬುತ್ತಾನೆ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಅವರಲ್ಲಿ ಓಟ, ಗಲಾಟೆ ಕಡಮೆ, ಕನಸು ಕಾಣುತ್ತಾ ಕೂರುವುದು, ಮರೆಯುವುದು ಹೆಚ್ಚು. ಆದ್ದರಿಂದ ಶಾಲೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮದುವೆಯಾಗಿ ಹೋದ ಮೇಲೆ ಒಲೆಯ ಮೇಲೆ ಹಾಲು ಉಕ್ಕುತ್ತದೆ, ಒಗೆದ ಬಟ್ಟೆ ಮಡಿಸದೆ ಮೂರು ದಿನ ಬೀಳುತ್ತದೆ, ಮಕ್ಕಳ ಶಾಲೆಯ ಚೀಟಿ ಕಾಣೆಯಾಗುತ್ತದೆ. "ತಾಯಿ ಏನೂ ಕಲಿಸಿಲ್ಲ" ಎಂಬ ಮಾತು ಅತ್ತೆಯ ಮನೆಯಿಂದ ತವರಿಗೂ ಹೋಗುತ್ತದೆ. ಆ ಸಹೋದರಿ ಎಲ್ಲರೂ ಮಲಗಿದ ಮೇಲೆ ಎದ್ದು ಉಳಿದ ಕೆಲಸ ಮುಗಿಸಲು ಒದ್ದಾಡುವುದನ್ನು ಯಾರೂ ನೋಡಿರುವುದಿಲ್ಲ.

ನಮ್ಮವರಲ್ಲಿ ಇದರ ಮೇಲೆ ಇನ್ನೊಂದು ಹೊರೆಯೂ ಇದೆ. ಮಾತಿಗೆ ತಪ್ಪುವುದು, ಅಮಾನತಿಗೆ ಮೋಸ ಮಾಡುವುದು ಕಪಟಿಯ ಲಕ್ಷಣಗಳೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಮದ್ರಸದ ಮಗುವೂ ಬಲ್ಲದು. ಕೊಟ್ಟ ಮಾತು ದಿನವೂ ಮರೆತುಹೋಗುವ ಸತ್ಯವಿಶ್ವಾಸಿಯೊಬ್ಬ ಆ ಹದೀಸನ್ನು ಕೇಳಿದಾಗ ಅವನ ಎದೆ ಏನಾಗಬೇಡ? ಆದರೆ ವಿದ್ವಾಂಸರು ಇದನ್ನು ಬಿಡಿಸಿ ಹೇಳಿದ್ದಾರೆ. ಮಾತು ಕೊಡುವಾಗಲೇ ಮುರಿಯುವ ಉದ್ದೇಶ ಇಟ್ಟುಕೊಂಡವನ ನಡತೆ ಕಪಟತನ. ಪೂರೈಸುವ ಮನಸ್ಸಿನಿಂದಲೇ ಮಾತು ಕೊಟ್ಟು, ಆಗದೆ ಹೋದವನನ್ನು ಆ ಸಾಲಿಗೆ ಸೇರಿಸಲಾಗದು. ಕರ್ಮಗಳನ್ನು ಉದ್ದೇಶದಿಂದ ಅಳೆಯುವ ದೀನ್ ನಮ್ಮದು. ನಾನು ಅಣ್ಣನ ಕರ್ಮವನ್ನು ನೋಡಿದೆ, ಉದ್ದೇಶವನ್ನು ಕೇಳಲೇ ಇಲ್ಲ.

ಮರೆವಿಗೆ ದೀನಿನಲ್ಲಿ ಜಾಗವಿದೆ

ಸಹೋದರರೇ, ಮನುಷ್ಯ ಮರೆಯುವವನು ಎಂದು ಅವನನ್ನು ಸೃಷ್ಟಿಸಿದವನಿಗೆ ಗೊತ್ತಿದೆ. ಆದಿಪಿತ ಆದಮ್(ಅ) ಮರೆತರೆಂದು ಕುರ್‌ಆನ್ ಹೇಳುತ್ತದೆ. ಮರೆತಾಗ, ತಪ್ಪಿದಾಗ ನಮ್ಮನ್ನು ಹಿಡಿಯಬೇಡ ಎಂದು ಬೇಡಿಕೊಳ್ಳಲು ಅಲ್‌ಬಕರ ಅಧ್ಯಾಯದ ಕೊನೆಯಲ್ಲಿ ಅಲ್ಲಾಹನೇ ನಮಗೆ ಕಲಿಸಿದ್ದಾನೆ. ಯಾರ ಮೇಲೂ ಅವನ ಶಕ್ತಿಗೆ ಮೀರಿದ ಹೊರೆ ಹೊರಿಸುವುದಿಲ್ಲ ಎಂಬ ಭರವಸೆಯೂ ಅದೇ ಸೂಕ್ತದಲ್ಲಿದೆ.

ಪ್ರವಾದಿವರ್ಯರು(ಸ) ಒಮ್ಮೆ ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೇ ಮುಗಿಸಿ ಸಲಾಮ್ ಹೇಳಿದರು. ಅಬೂಬಕರ್(ರ), ಉಮರ್(ರ) ಅವರಂಥವರೂ ಕೇಳಲು ಹಿಂಜರಿದರು. ದುಲ್‌ಯದೈನ್ ಎಂದು ಕರೆಯಲ್ಪಡುತ್ತಿದ್ದ ಅನುಚರರೊಬ್ಬರು, ನಮಾಝ್ ಕಡಮೆಯಾಯಿತೇ, ತಾವು ಮರೆತಿರೇ ಎಂದು ಕೇಳಿದರು. ಪ್ರವಾದಿ(ಸ) ಉಳಿದವರಲ್ಲಿ ವಿಚಾರಿಸಿ, ಬಾಕಿಯಿದ್ದುದನ್ನು ಪೂರ್ತಿ ಮಾಡಿ, ಎರಡು ಸುಜೂದ್ ಮಾಡಿದರು. ತಾವೂ ಮನುಷ್ಯರು, ಮರೆತಾಗ ನೆನಪಿಸಿ ಎಂದು ಇನ್ನೊಂದು ಸಂದರ್ಭದಲ್ಲಿ ಅನುಚರರಿಗೆ ಹೇಳಿದ್ದಾರೆ. ಇಲ್ಲಿ ಬೈಗುಳವಿಲ್ಲ, ಅವಮಾನವಿಲ್ಲ. ಮರೆತದ್ದನ್ನು ಪೂರ್ತಿ ಮಾಡುವ ದಾರಿ ಇದೆ, ನೆನಪಿಸುವವನಿಗೆ ಸ್ಥಾನವಿದೆ.

ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಇದೆ ಬಲ್ಲಿರಾ? ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬೇಡಿ ಎಂಬ ಬೋಧನೆ ಅಲ್‌ಬಕರದ 282ನೇ ಸೂಕ್ತದಲ್ಲಿದೆ. ಹೇಳಿ ಬರೆಸಲು ಆಗದಷ್ಟು ದುರ್ಬಲನಾದವನ ಪರವಾಗಿ ಅವನ ಹೊಣೆ ಹೊತ್ತವನು ನ್ಯಾಯದಿಂದ ಬರೆಸಲಿ ಎಂದೂ ಅಲ್ಲಿದೆ. ನಾವು ಅಣ್ಣನ ಕೈಗೆ ಮೂರು ಲಕ್ಷ ಕೊಟ್ಟಾಗ ಒಂದು ಚೀಟಿ ಬರೆದಿರಲಿಲ್ಲ, ಒಬ್ಬ ಸಾಕ್ಷಿಯನ್ನು ಇಟ್ಟಿರಲಿಲ್ಲ. "ಮನೆಯವರೇ ಅಲ್ಲವೇ" ಎಂದೆವು. ಅಲ್ಲಾಹನು ಕಲಿಸಿದ ಕ್ರಮವನ್ನು ಬಿಟ್ಟವರು ನಾವೆಲ್ಲರೂ. ದೋಷ ಹೊತ್ತವರು ಅವರೊಬ್ಬರೇ.

ಹ. ಅಬೂದರ್ರ್(ರ) ಅವರ ಪ್ರಸಂಗವನ್ನೂ ನೋಡಿ. ಅವರು ಅಧಿಕಾರದ ಹೊಣೆ ಕೇಳಿದಾಗ ಪ್ರವಾದಿವರ್ಯರು(ಸ) ಅವರ ಭುಜದ ಮೇಲೆ ಕೈ ತಟ್ಟಿ, ನೀವು ಈ ವಿಷಯದಲ್ಲಿ ದುರ್ಬಲರು, ಇದು ಅಮಾನತ್ ಎಂದು ತಿಳಿಹೇಳಿದರು. ತಮಗಾಗಿ ಬಯಸುವುದನ್ನೇ ಅವರಿಗಾಗಿಯೂ ಬಯಸುವುದಾಗಿ ಹೇಳಿ, ಇಬ್ಬರ ಮೇಲೂ ನಾಯಕತ್ವ ವಹಿಸಬೇಡಿ, ಅನಾಥನ ಆಸ್ತಿಯ ಹೊಣೆ ಹೊರಬೇಡಿ ಎಂದರು. ಅಬೂದರ್ರ್(ರ) ಅವರ ಸತ್ಯಸಂಧತೆಗೆ, ಭಕ್ತಿಗೆ ಇದರಿಂದ ಕುಂದು ಬಂತೇ? ಇಲ್ಲ. ಒಬ್ಬನಿಗೆ ಯಾವ ಹೊರೆ ಸರಿ, ಯಾವುದು ಭಾರ ಎಂದು ಗುರುತಿಸಿ ಪ್ರೀತಿಯಿಂದ ಹೇಳುವುದು ಪ್ರವಾದಿಚರ್ಯೆ. ಭಾರ ಹೊರಿಸಿ, ಬಿದ್ದಾಗ ನಗುವುದು ನಮ್ಮ ಚರ್ಯೆ.

ಇದು ನೆಪವಾಗಬಾರದು

ಕೆಲವರು ಕೇಳುತ್ತಾರೆ: "ಉಸ್ತಾದರೇ, ಹೀಗೆಂದರೆ ಎಲ್ಲರೂ ಕಾಯಿಲೆಯ ಹೆಸರು ಹೇಳಿ ನುಣುಚಿಕೊಳ್ಳುವುದಿಲ್ಲವೇ?" ಪ್ರಶ್ನೆ ನ್ಯಾಯವಾದದ್ದೇ. ಮರೆತ ಪಾಪಕ್ಕೆ ಹಿಡಿತವಿಲ್ಲ, ಆದರೆ ಮರೆತ ಸಾಲ ಸಾಲವೇ. ಮರೆತ ನಮಾಝನ್ನು ನೆನಪಾದಾಗ ಮಾಡಲೇಬೇಕಲ್ಲವೇ? ಹಾಗೆಯೇ ತಂಗಿಯ ಹಣ ತಂಗಿಯದು. ಅಣ್ಣ ಅದನ್ನು ಒಂದು ಸಲವೂ ಅಲ್ಲಗಳೆಯಲಿಲ್ಲ. ತಿಂಗಳಿಗೆ 5 ಸಾವಿರದಂತೆ ತೀರಿಸುತ್ತಿದ್ದಾರೆ. ಈ ಸಲ ಕಾಗದದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ರುಜು ಹಾಕಿಸಿದ್ದೇವೆ. ಅವರು ಕೋಪದಲ್ಲಿ ಅತ್ತಿಗೆಗೆ ಆಡಿದ ಮಾತುಗಳಿಗೆ ಕ್ಷಮೆ ಕೇಳುವ ಹೊಣೆಯೂ ಅವರದೇ, ಕೇಳಿದ್ದಾರೆ. ಕಾಯಿಲೆಯ ಹೆಸರು ಗೊತ್ತಾದರೆ ಹೊಣೆ ಕಳಚುವುದಿಲ್ಲ. ಅದನ್ನು ಹೊರುವ ಬಗೆ ಗೊತ್ತಾಗುತ್ತದೆ, ಅಷ್ಟೇ.

ಹಾಗೆಯೇ ಇದನ್ನು ಓದಿದ ಕೂಡಲೇ ನಮಗೆ ನಾವೇ, ಪಕ್ಕದ ಮನೆಯವನಿಗೂ ಕಾಯಿಲೆ ಹೊರಿಸಬಾರದು. ಮರೆವು ಯಾರಿಗಿಲ್ಲ? ನಿದ್ದೆಗೆಟ್ಟವನೂ ಮರೆಯುತ್ತಾನೆ, ದುಃಖದಲ್ಲಿರುವವನೂ ಮರೆಯುತ್ತಾನೆ. ಎಡಿಎಚ್‌ಡಿ ಎನ್ನಬೇಕಾದರೆ ಅದರ ಲಕ್ಷಣಗಳು 12 ವರ್ಷದೊಳಗೇ ಕಾಣಿಸಿರಬೇಕು. ಮನೆ, ಕೆಲಸ, ಸ್ನೇಹ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಬಾಳನ್ನು ಕೆಡಿಸಿರಬೇಕು. ರಕ್ತ ತೆಗೆದೋ, ತಲೆಯ ಸ್ಕ್ಯಾನ್ ಮಾಡಿಯೋ ಇದನ್ನು ತೀರ್ಮಾನಿಸಲಾಗದು. ಬಲ್ಲ ವೈದ್ಯರು ಕುಳಿತು, ಬಾಲ್ಯದಿಂದ ಇಂದಿನವರೆಗಿನ ಬಾಳನ್ನು ಕೇಳಿ, ಬೇರೆ ಕಾರಣಗಳನ್ನು ಬದಿಗಿಟ್ಟು ಹೇಳಬೇಕು.

ಚಿಕಿತ್ಸೆಯೂ ಸುನ್ನತ್

"ದುಆ ಮಾಡಿಸಿದರೆ ಸಾಲದೇ? ಮಾನಸಿಕ ಆಸ್ಪತ್ರೆಗೆ ಹೋದರೆ ಜನ ಏನೆಂದಾರು? ಮಗಳಿಗೆ ಸಂಬಂಧ ಬಂದೀತೇ?" ಎಂದು ನಮ್ಮ ಉಮ್ಮನೇ ಕೇಳಿದರು. ದುಆ ಖಂಡಿತ ಬೇಕು. ಆದರೆ ನಾವು ಔಷಧೋಪಚಾರ ಮಾಡಬೇಕೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪ್ರವಾದಿ(ಸ) ಮಾಡಿರೆಂದು ಹೇಳಿ, ವೃದ್ಧಾಪ್ಯವೊಂದನ್ನು ಬಿಟ್ಟು ಪ್ರತಿ ಕಾಯಿಲೆಗೂ ಅಲ್ಲಾಹನು ಮದ್ದು ಇಟ್ಟಿದ್ದಾನೆಂದು ತಿಳಿಸಿದರು. ಕಾಲು ಮುರಿದವನಿಗೆ ದುಆದೊಂದಿಗೆ ಪಟ್ಟಿಯನ್ನೂ ಕಟ್ಟುತ್ತೇವೆ. ಮನಸ್ಸಿಗೆ ಮಾತ್ರ ಪಟ್ಟಿ ಬೇಡವೇ?

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. ಹಿ. 322, ಅಂದರೆ ಕ್ರಿ.ಶ. 934ರಲ್ಲಿ ನಿಧನರಾದ ಅಬೂಝೈದ್ ಅಲ್‌ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದರು. ಕೋಪ, ಭಯ, ದುಃಖ, ಬಿಡದೆ ಕಾಡುವ ಯೋಚನೆಗಳಿಗೂ ಉಪಚಾರ ಹೇಳಿದರು. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಅದು ವಕ್ಫ್‌ನಿಂದ ನಡೆಯುತ್ತಿತ್ತು. ನಾಚಿಕೆಯನ್ನು ನಾವು ಎಲ್ಲಿಂದ ತಂದೆವೋ!

ವಯಸ್ಕರಿಗೂ ಇದಕ್ಕೆ ಚಿಕಿತ್ಸೆ ಇದೆ. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಮುಂತಾದ ಔಷಧಗಳನ್ನು ಮನೋವೈದ್ಯರು ರಕ್ತದೊತ್ತಡ, ಹೃದಯ ಎಲ್ಲ ನೋಡಿ ಕೊಡುತ್ತಾರೆ. ಇನ್ನೊಬ್ಬರ ಮಾತ್ರೆಯನ್ನು ನುಂಗಬಾರದು, ತಾನಾಗಿ ನಿಲ್ಲಿಸಲೂ ಬಾರದು. ರಮಝಾನಿನಲ್ಲಿ ಮಾತ್ರೆಯನ್ನು ಸಹರಿಯ ಹೊತ್ತಿಗೆ ಹೊಂದಿಸಬಹುದೇ ಎಂದು ತಿಂಗಳಿಗೆ ಮೊದಲೇ ವೈದ್ಯರನ್ನು ಕೇಳಿ. ಔಷಧದ ಜೊತೆಗೆ ದಿನವನ್ನು ಕ್ರಮಗೊಳಿಸುವ ಅಭ್ಯಾಸ, ಆಪ್ತ ಸಲಹೆ ಬೇಕು. ಅಣ್ಣನ ಮಾತಿನಲ್ಲಿ ಹೇಳುವುದಾದರೆ, "ಮಾತ್ರೆ ನನ್ನ ಕೆಲಸ ಮಾಡಿಕೊಡುವುದಿಲ್ಲ. ತಲೆಯೊಳಗಿನ ಸಂತೆಯನ್ನು ಸ್ವಲ್ಪ ಸುಮ್ಮನಾಗಿಸುತ್ತದೆ. ಆಮೇಲೆ ಕೆಲಸ ನಾನೇ ಮಾಡಬೇಕು."

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆಯ, ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಮೊದಲ ಹೆಜ್ಜೆ ಇಡಲು ಅಂಜುವವರಿಗೆ ಇದು ಒಳ್ಳೆಯ ಬಾಗಿಲು. ಮಾನಸಿಕ ಆರೋಗ್ಯ ಸೇವೆ ಪಡೆಯುವುದು, ಅದರ ವಿವರ ಗುಟ್ಟಾಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು.

ಹಾರೂನರು ಬೇಕಾಗಿದ್ದಾರೆ

ಹ. ಮೂಸಾ(ಅ) ಅವರಿಗೆ ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾದಾಗ ಅವರು ಏನು ಬೇಡಿದರು? ಎದೆಯನ್ನು ವಿಶಾಲಗೊಳಿಸಲು, ನಾಲಿಗೆಯ ಗಂಟನ್ನು ಬಿಡಿಸಲು ಬೇಡಿದರು. ಜೊತೆಗೆ ತನ್ನ ಮನೆಯವರಿಂದಲೇ ಒಬ್ಬ ಸಹಾಯಕ ಬೇಕು, ಸಹೋದರ ಹಾರೂನನಿಂದ ತನ್ನ ಬೆನ್ನು ಗಟ್ಟಿಯಾಗಲಿ ಎಂದೂ ಬೇಡಿದರು. ಅಲ್ಲಾಹನು ಅದನ್ನು ನೀಡಿದನು. ಪ್ರವಾದಿಯೊಬ್ಬರು ತನಗಿರುವ ಕಷ್ಟವನ್ನು ಹೇಳಿ ನೆರವು ಕೇಳಿದ್ದು ತ್ವಾಹಾ ಅಧ್ಯಾಯದಲ್ಲಿ ಲೋಕಾಂತ್ಯದವರೆಗೂ ಓದಲ್ಪಡುತ್ತದೆ. ಹಾಗಿದ್ದರೆ ನೆರವು ಕೇಳುವುದರಲ್ಲಿ ನಮಗೇಕೆ ನಾಚಿಕೆ?

ನನ್ನ ಅಣ್ಣನಿಗೆ ಹಾರೂನನಾಗಬೇಕಿದ್ದವನು ನಾನು. ನಾನು ಫಿರ್‌ಔನನ ದರಬಾರಿನವನಂತೆ ನಡೆದುಕೊಂಡೆ.

ಈಗ ನಮ್ಮ ಮನೆಯಲ್ಲಿ ಕೆಲವು ಏರ್ಪಾಡು ಮಾಡಿಕೊಂಡಿದ್ದೇವೆ. ನಿಮಗೂ ಉಪಯೋಗವಾದೀತು. ಬೈಕಿನ ಕೀ, ಪರ್ಸು, ಫೋನು ಇಡಲು ಬಾಗಿಲ ಬಳಿ ಒಂದೇ ಒಂದು ಜಾಗ. ದಿನದ ಕೆಲಸಗಳನ್ನು ನಮಾಝಿನ ಹೊತ್ತಿಗೆ ಗಂಟುಹಾಕಿದ್ದೇವೆ: ಫಜ್ರ್ ಆದೊಡನೆ ಮಾತ್ರೆ, ಝುಹ್ರ್ ಆದೊಡನೆ ಬಾಕಿ ಬಿಲ್ಲು, ಇಶಾ ಆದೊಡನೆ ನಾಳೆಯ ಪಟ್ಟಿ. ಐದು ಹೊತ್ತು ತಾನಾಗಿ ಕೇಳಿಸುವ ಬಾಂಗಿಗಿಂತ ಒಳ್ಳೆಯ ಗಡಿಯಾರ ಎಲ್ಲಿದೆ? ದೊಡ್ಡ ಕೆಲಸವನ್ನು ತುಂಡು ಮಾಡಿ, ಮೊದಲ ತುಂಡನ್ನು ಮಾತ್ರ ಬರೆದುಕೊಳ್ಳುತ್ತಾರೆ. ಅಂಗಡಿಯ ಲೆಕ್ಕವನ್ನು ಈಗ ಅತ್ತಿಗೆ ನೋಡುತ್ತಾರೆ. ವಾರಕ್ಕೊಂದು ರಾತ್ರಿ ನಾನು ಹೋಗಿ ಅಣ್ಣನ ಪಕ್ಕ ಸುಮ್ಮನೆ ಕೂರುತ್ತೇನೆ. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತೇನೆ, ಅವರು ಕಾಗದಪತ್ರ ಮುಗಿಸುತ್ತಾರೆ. ಪಕ್ಕದಲ್ಲಿ ಒಬ್ಬರಿದ್ದರೆ ಕೈ ನಡೆಯುತ್ತದೆ ಎನ್ನುತ್ತಾರೆ. ನೆನಪಿಸುವಾಗ ಒಂದೇ ಸಲ, ಮೆಲ್ಲಗೆ, ಹಳೆಯದನ್ನು ಕೆದಕದೆ ನೆನಪಿಸಬೇಕು ಎಂದು ವೈದ್ಯರು ನಮಗೆಲ್ಲ ಹೇಳಿದ್ದಾರೆ. ಇದು ನನಗೆ ಎಲ್ಲಕ್ಕಿಂತ ಕಷ್ಟದ ಪಾಠ.

ಎಲ್ಲವೂ ಸರಿಯಾಯಿತು ಎಂದು ನಾನು ಹೇಳಲಾರೆ. ಕಳೆದ ತಿಂಗಳು ಕೂಡ ಒಂದು ಕಂತು ಮರೆತುಹೋಗಿತ್ತು. ತಂಗಿ ಫೋನು ಮಾಡಿ, "ಅಣ್ಣಾ, ಕಂತು" ಎಂದಷ್ಟೇ ಹೇಳಿದಳು. ಅಂದೇ ಸಂಜೆ ಹಣ ತಲುಪಿತು. ಮೊದಲಾಗಿದ್ದರೆ ಆ ಒಂದು ಕಂತಿಗೆ ಒಂದು ವಾರ ಜಗಳವಾಗುತ್ತಿತ್ತು.

ಮಸೀದಿಯ ಆಡಳಿತ ಮಂಡಳಿಯವರಲ್ಲೂ ಒಂದು ವಿನಂತಿ. ಇಂಥವರಿಗೆ ಖಜಾಂಚಿಯ ಪುಸ್ತಕ ಕೊಟ್ಟು ಸೋಲಿಸಬೇಡಿ. ನೆರೆ ಬಂದಾಗ ಓಡುವ ಕೆಲಸ, ಕೈಕೆಲಸ, ಹತ್ತು ಜನರನ್ನು ಒಟ್ಟುಗೂಡಿಸುವ ಕೆಲಸ ಕೊಡಿ. ಮದ್ರಸದ ನನ್ನ ಸಹೋದ್ಯೋಗಿಗಳೇ, ಕೂತಲ್ಲಿ ಕೂರದ ಹುಡುಗನ ಮೇಲೆ ಬೆತ್ತ ಎತ್ತುವ ಮುನ್ನ ಅವನ ತಂದೆತಾಯಿಯೊಂದಿಗೆ ಒಮ್ಮೆ ಮಾತಾಡಿ. ಒಂದು ಮಗುವನ್ನು ಗುರುತಿಸಿದರೆ ಒಂದು ಇಡೀ ಮನೆಯೇ ಉಳಿದೀತು.

ನಾನು ಅಣ್ಣನ ಮನೆಗೆ ಹೋಗಿ ಕ್ಷಮೆ ಕೇಳಿದ ದಿನ, ಅಂದು ಆಡಿದ ಮಾತನ್ನು ಉಮ್ಮನ ಎದುರು ಆಡಿದ್ದರಿಂದ ಕ್ಷಮೆಯನ್ನೂ ಉಮ್ಮನ ಎದುರೇ ಕೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಬೈದದ್ದು ನನಗೆ ನೆನಪಿಲ್ಲ ಅಂತ ಹೇಳಿಬಿಡಬಹುದಿತ್ತು. ಆದರೆ ಅದೊಂದು ಮಾತ್ರ ಮರೆಯಲಿಲ್ಲ ತಮ್ಮಾ" ಎಂದರು. ಆಮೇಲೆ ನನ್ನ ಕೈ ಹಿಡಿದರು. ಈಗ ಶುಕ್ರವಾರ ನಾವಿಬ್ಬರೂ ನಮ್ಮ ಮಸೀದಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ.

ಓ ಅಲ್ಲಾಹ್, ನಮ್ಮ ಸಹೋದರರ ಎದೆಯೊಳಗಿನದನ್ನು ನೀನು ಬಲ್ಲೆ, ನಾವು ಅರಿಯೆವು. ತಿಳಿಯದೆ ತೀರ್ಪು ಕೊಟ್ಟ ನಮ್ಮ ನಾಲಿಗೆಗಳನ್ನು ಕ್ಷಮಿಸು. ಒಳಗೊಳಗೇ ಸೋತು ಕುಳಿತವರಿಗೆ ನೆರವು ಕೇಳುವ ಧೈರ್ಯ ನೀಡು. ಅವರ ಮನೆಯವರನ್ನು ಅವರ ಬೆನ್ನಿಗೆ ಬಲವಾಗಿಸು. ನಾವು ಮರೆತಾಗ ನಮ್ಮನ್ನು ಹಿಡಿಯಬೇಡ. ಆಮೀನ್.